ಉಪವಾಸವೂ ಉಪಚಾರವೂ: ‘ದಿ ವಂಡರ್’ ಚಿತ್ರ ನೋಡಿ ಬಂದ ಮಾತು

ಇಲ್ಲಿ ಡ್ರೋಹೆಡಾದಲ್ಲಿ ಒಂದು ಭಾನುವಾರ ಪುಷ್ಕಳವಾಗಿ ಉಂಡು ‘ದಿ ವಂಡರ್’ ಚಿತ್ರ ನೋಡಲು ಕುಳಿತೆವು. ಡಬ್ಲಿನ್‌ನಲ್ಲಿ ಹುಟ್ಟಿದ ಎಮ್ಮಾ ಡಾನಹ್ಯೂ ಅವರ 2016ರ ಕಾದಂಬರಿಯನ್ನು ಸೆಬಾಸ್ಟಿಯನ್ ಲೆಲಿಯೊ 2022ರಲ್ಲಿ ತೆರೆಗೆ ತಂದರು. ಕಥೆ ಮೊದಲೇ ತಿಳಿಯಬಾರದೆನ್ನುವವರು ಚಿತ್ರ ನೋಡಿ ಬಂದು ಮುಂದೆ ಓದಬಹುದು.

1862ರ ಐರ್ಲೆಂಡ್. ಮಹಾಕ್ಷಾಮದ ನೆನಪು ಮಾಸದ ಒಂದು ಹಳ್ಳಿ. ಹನ್ನೊಂದರ ಆನಾ ನಾಲ್ಕು ತಿಂಗಳಿಂದ ಉಂಡಿಲ್ಲ. ಸ್ವರ್ಗದ ಮನ್ನವೇ ಸಾಕೆನ್ನುತ್ತಾಳೆ. ಕಾವಲಿಗೆ ಬಂದ ಇಂಗ್ಲಿಷ್ ನರ್ಸ್ ಲಿಬ್ ಗುಟ್ಟನ್ನು ಹಿಡಿಯುತ್ತಾಳೆ: ತಾಯಿ ಮುತ್ತಿಡುವಾಗ ಅಗಿದ ತುತ್ತನ್ನು ಮಗಳ ಬಾಯಿಗೆ ದಾಟಿಸುತ್ತಿದ್ದಳು. ಅದು ನಿಂತೊಡನೆ ಮಗು ಕುಸಿಯುತ್ತದೆ. ಇದು ಬರೀ ಕಲ್ಪನೆಯಲ್ಲ. 1869ರಲ್ಲಿ ವೇಲ್ಸ್‌ನ ಹನ್ನೆರಡರ ಸಾರಾ ಜೇಕಬ್ ನರ್ಸ್‌ಗಳ ಕಾವಲಿನಲ್ಲೇ ಹಸಿದು ಸತ್ತಳು.

ಆನಾ ಉಣ್ಣದಿರುವುದೇಕೆ? ತೀರಿಕೊಂಡ ಅಣ್ಣ ಅವಳ ದೇಹವನ್ನು ಕೆಡಿಸಿದ್ದ. ಅವನ ಪಾಪಕ್ಕೆ ತನ್ನ ಒಡಲನ್ನೇ ದಂಡ ತೆರುತ್ತಿದ್ದಾಳೆ ಹುಡುಗಿ.

ಚಿತ್ರದ ಪಾದ್ರಿ, ವೈದ್ಯರು ಬರೀ ರಟ್ಟಿನ ಬೊಂಬೆಗಳಾದರೆಂಬುದು ನಮ್ಮ ದೂರು. ಆದರೆ ಲಿಬ್ ಕೊನೆಗೆ ವಾದ ಬಿಡುತ್ತಾಳೆ. “ಆನಾ ಸಾಯುತ್ತಾಳೆ, ನ್ಯಾನ್ ಎಂಬ ಹೊಸ ಹುಡುಗಿ ಏಳುತ್ತಾಳೆ” ಎಂಬರ್ಥದ ಮಾತಾಡುತ್ತಾಳೆ. ಇದು ದೀಕ್ಷಾಸ್ನಾನದ ಭಾಷೆಯೇ ಅಲ್ಲವೆ? ಹಸಿವಿಗೆ ದೂಡಿದ ನಂಬಿಕೆಯೇ ತುತ್ತಿಗೂ ಬಾಯಿ ತೆರೆಸಿತು. ಸತ್ಯದ ಸುಳಿವು ಸಿಕ್ಕಿಯೂ ಬಾಯಿ ಬಿಡದ ಸನ್ಯಾಸಿನಿಯದೂ ಅದೇ ನಂಬಿಕೆ.

ಕಥೋಲಿಕ ಸಭೆಯ ಇಂದಿನ ನಿಯಮದಂತೆ ಹದಿನೆಂಟು ತುಂಬದವರಿಗೆ ಉಪವಾಸದ ಕಟ್ಟಿಲ್ಲ. ದೇಹ ದೇವಾಲಯವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಬಸವಣ್ಣನವರನ್ನು ಬಲ್ಲ ನಮಗೆ ಅದು ಹೊಸತಲ್ಲ.

ವೈದ್ಯರಾಗಿ ಇನ್ನೊಂದು ತಕರಾರು. ತೆರೆಯ ಮೇಲೆ ಮಗು ಉಂಡು ಚೇತರಿಸಿಕೊಳ್ಳುತ್ತದೆ. ನಿಜದಲ್ಲಿ ಬಹುದಿನ ಹಸಿದವರಿಗೆ ಒಮ್ಮೆಲೇ ಬಡಿಸಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಇಳಿದು ಹೃದಯಕ್ಕೇ ಅಪಾಯ. ಪ್ರಾರ್ಥನೆ ಬೇಕೆನ್ನುವವರಿಗೆ ಪ್ರಾರ್ಥನೆಯೂ ಇರಲಿ, ಆಸ್ಪತ್ರೆಯೂ ಇರಲಿ.

ನಮ್ಮ ವೃತ್ತಿಯೂ ತಪ್ಪಿತಸ್ಥ. ತೂಕದ ಯಂತ್ರ ನೋಡುತ್ತೇವೆ, “ಯಾಕಮ್ಮಾ ಉಣ್ಣೋಲ್ಲ?” ಎಂದು ಕೇಳುವುದು ತಡವಾಗುತ್ತದೆ. ಯುಗಾದಿ ಊಟದ ಸಾಲಿನಲ್ಲಿ “ಎಷ್ಟು ದಪ್ಪ ಆಗಿದ್ದೀಯೇ!” ಎನ್ನುವ ಅತ್ತೆ, ಚಿಕ್ಕಮ್ಮಂದಿರೂ, ನಗುವ ನಾವೂ ಈ ಚಿತ್ರವನ್ನು ತಪ್ಪದೆ ನೋಡಬೇಕು. ಮುಂದಿನ ಯುಗಾದಿಗೆ ಒಬ್ಬಟ್ಟು ಬಡಿಸೋಣ, ಆ ಮಾತು ಬೇಡ.