ರಮಾಬಾಯಿಯವರ ಎರಡು ಗ್ರಂಥಗಳೂ ಪಾಠಕ್ರಮವೂ

ಸ್ತ್ರೀಯರ ಹಕ್ಕಿಗಾಗಿ ಹೋರಾಡಿದ ಮಹಿಳೆಯರ ವಿಷಯವನ್ನು ವಿದ್ಯಾರ್ಥಿಗಳಿಗೆ ಬೋಧಿಸುವಾಗ ಜೀವನಚರಿತ್ರೆಯೇ ಪಾಠವಾಗಿ, ಅವರ ಗ್ರಂಥಗಳು ಹೆಸರುಮಾತ್ರವಾಗಿ ಉಳಿಯುವುದುಂಟು. ಪಂಡಿತಾ ರಮಾಬಾಯಿಯವರ (1858–1922) ವಿಷಯದಲ್ಲಿ ಈ ಲೋಪವು ವಿಶೇಷವಾಗಿ ಎದ್ದು ಕಾಣುತ್ತದೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನನ, ತಂದೆ ಅನಂತಶಾಸ್ತ್ರಿ ಡೋಂಗ್ರೆಯವರೊಡನೆ ತೀರ್ಥಾಟನ, ತಾಯಿಯಿಂದ ಸಂಸ್ಕೃತಾಭ್ಯಾಸ, ಕ್ಷಾಮಕಾಲದಲ್ಲಿ ಮಾತಾಪಿತೃವಿಯೋಗ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ದೊರೆತ ಬಿರುದು, 1882ರಲ್ಲಿ ವೈಧವ್ಯ, 1883ರಲ್ಲಿ ಇಂಗ್ಲೆಂಡಿನಲ್ಲಿ ಮತಾಂತರ, 1889ರಲ್ಲಿ ಮುಂಬಯಿಯಲ್ಲಿ ಶಾರದಾಸದನದ ಸ್ಥಾಪನೆ—ಇವೆಲ್ಲವೂ ಕಥೆಯಂತೆ ಮನಸ್ಸನ್ನು ಸೆಳೆಯತಕ್ಕವೇ ಸರಿ. ಆದರೆ ಇಷ್ಟನ್ನೇ ಕೇಳಿದ ವಿದ್ಯಾರ್ಥಿಗೆ ಆಕೆಯ ಧೈರ್ಯವು ತಿಳಿದೀತು. ಆಕೆಯ ವಾದವು ತಿಳಿಯದು.

ವಾದವನ್ನು ತಿಳಿಯಬೇಕಾದರೆ ಎರಡು ಗ್ರಂಥಗಳನ್ನು ಜೊತೆಯಾಗಿ ಓದಿಸಬೇಕು. ಮೊದಲನೆಯದು 1882ರಲ್ಲಿ ಮರಾಠಿಯಲ್ಲಿ ಪ್ರಕಟವಾದ ‘ಸ್ತ್ರೀಧರ್ಮನೀತಿ’. ಎರಡನೆಯದು 1887ರಲ್ಲಿ ಫಿಲಡೆಲ್ಫಿಯದಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ದಿ ಹೈ-ಕಾಸ್ಟ್ ಹಿಂದೂ ವುಮನ್’. ಇವುಗಳ ನಡುವಣ ಅಂತರವು ಐದೇ ವರ್ಷ. ಮೊದಲನೆಯದು ಸ್ತ್ರೀಯರಿಗೆ ಹೇಳಿದ ಹಿತೋಪದೇಶ. ವಿದ್ಯೆ, ವಿನಯ, ಗೃಹಕೃತ್ಯ, ಶಿಶುಪಾಲನೆ ಇವೇ ಅದರ ವಿಷಯಗಳು. ಸೀತೆ ಸಾವಿತ್ರಿಯರೇ ಅದರ ಆದರ್ಶಗಳು. ಸ್ತ್ರೀಯರ ದುಃಸ್ಥಿತಿಗೆ ಅವರ ಅಜ್ಞಾನವೂ ಆಲಸ್ಯವೂ ಬಹುಮಟ್ಟಿಗೆ ಕಾರಣವೆಂಬ ಧ್ವನಿ ಅಲ್ಲಿದೆ. ಎರಡನೆಯದರಲ್ಲಿ ದೋಷಾರೋಪಣೆಯ ದಿಕ್ಕೇ ಬದಲಾಗಿದೆ. ಬಾಲ್ಯ, ವಿವಾಹ, ವೈಧವ್ಯ ಎಂಬ ಅವಸ್ಥೆಗಳನ್ನು ಕ್ರಮವಾಗಿ ಹಿಡಿದು, ಮನುಸ್ಮೃತಿಯ ವಿಧಿಗಳನ್ನೂ ಲೋಕಾಚಾರವನ್ನೂ ಅಲ್ಲಿ ವಿಚಾರಣೆಗೆ ಗುರಿಮಾಡಲಾಗಿದೆ. ಗಂಡನ ಮನೆಗೆ ಹೋಗಲೊಪ್ಪದ ರಖ್ಮಾಬಾಯಿಯವರ ಮೊಕದ್ದಮೆಯೂ ಅಲ್ಲಿ ಚರ್ಚಿತವಾಗಿದೆ. ಉಪದೇಶವನ್ನು ಕೇಳಬೇಕಾಗಿದ್ದವಳು ಮೊದಲು ಸ್ತ್ರೀ. ಉತ್ತರ ಹೇಳಬೇಕಾದುದು ಈಗ ಶಾಸ್ತ್ರ ಮತ್ತು ಸಮಾಜ.

ಇಷ್ಟಾದರೂ ಒಂದು ತಂತು ಕಡಿದಿಲ್ಲ. ಸ್ವಾವಲಂಬನವು ಮೊದಲ ಗ್ರಂಥದಲ್ಲಿಯೂ ಮುಖ್ಯವಾದ ಗುಣವೇ. ಎರಡನೆಯದರ ಕೊನೆಯಲ್ಲಿ ಉಚ್ಚವರ್ಣದ ಸ್ತ್ರೀಯರಿಗೆ ಅತ್ಯಗತ್ಯವಾದುವೆಂದು ಎಣಿಸಿರುವ ಮೂರರಲ್ಲಿ ಮೊದಲನೆಯದು ಸ್ವಾವಲಂಬನ. ಉಳಿದವು ವಿದ್ಯೆ ಮತ್ತು ಸ್ವದೇಶೀಯ ಉಪಾಧ್ಯಾಯಿನಿಯರು. ಹಿಂದೆ ವ್ಯಕ್ತಿಯ ಸದ್ಗುಣವಾಗಿದ್ದುದು ಇಲ್ಲಿ ಸಂಸ್ಥೆಯನ್ನು ಕಟ್ಟುವ ಯೋಜನೆಯಾಯಿತು. ಶಾರದಾಸದನವು ಅದರ ಫಲ. ಈ ಬೆಳವಣಿಗೆಯನ್ನು ತೋರಿಸದೆ ಸದನದ ಸ್ಥಾಪನೆಯ ವರ್ಷವನ್ನು ಮಾತ್ರ ಬಾಯಿಪಾಠ ಮಾಡಿಸಿದರೆ ಪ್ರಯೋಜನವು ಅತ್ಯಲ್ಪ.

ಈ ಪರಿವರ್ತನೆಗೆ ಸುಲಭವಾಗಿ ಹೊಳೆಯುವ ಕಾರಣವು ವಿದೇಶವಾಸ ಮತ್ತು ಮತಾಂತರ. ಅವುಗಳ ಪ್ರಭಾವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಸಂಪೂರ್ಣ ಕಾರಣವೆಂಬುದನ್ನು ಒಪ್ಪುವುದು ಕಷ್ಟ. ‘ಸ್ತ್ರೀಧರ್ಮನೀತಿ’ ಹೊರಬಂದ 1882ರಲ್ಲಿಯೇ ಪುಣೆಯಲ್ಲಿ ತಾರಾಬಾಯಿ ಶಿಂದೆಯವರ ‘ಸ್ತ್ರೀಪುರುಷ ತುಲನಾ’ ಎಂಬ ಕಿರುಗ್ರಂಥವು ಅಚ್ಚಾಯಿತು. ಸೂರತಿನ ಒಬ್ಬ ಬ್ರಾಹ್ಮಣ ವಿಧವೆಗೆ ಶಿಶುಹತ್ಯೆಯ ಅಪರಾಧಕ್ಕಾಗಿ ಶಿಕ್ಷೆಯಾದಾಗ ಪತ್ರಿಕೆಗಳಲ್ಲಿ ಸ್ತ್ರೀಜಾತಿಯ ಮೇಲೆ ಸುರಿದ ನಿಂದೆಗೆ ಅದು ಉತ್ತರ. ಸ್ತ್ರೀಯರಲ್ಲಿ ಎಣಿಸುವ ದೋಷಗಳೆಲ್ಲವೂ ಪುರುಷರಲ್ಲಿಲ್ಲವೆ ಎಂಬುದೇ ಅದರ ಮೂಲಪ್ರಶ್ನೆ. ಬೆರಾರಿನ ಬುಲ್ಢಾಣೆಯ ಈ ಲೇಖಕಿ ಬರೆದುದು ಅಮೆರಿಕದ ವಾಚಕರಿಗಾಗಿ ಅಲ್ಲ. ಮತಾಂತರದ ಹಿನ್ನೆಲೆಯೂ ಆಕೆಗಿರಲಿಲ್ಲ. ಶಾಸ್ತ್ರವನ್ನೂ ಪುರುಷನನ್ನೂ ಪ್ರಶ್ನಿಸುವ ಬುದ್ಧಿಯು ಈ ನಾಡಿನ ನೆಲದಲ್ಲಿಯೇ ಮೊಳೆಯಬಲ್ಲುದೆಂಬುದಕ್ಕೆ ಈ ಗ್ರಂಥವೇ ಸಾಕ್ಷಿ. ಜ್ಯೋತಿರಾವ್ ಫುಲೆಯವರು ಇದನ್ನು ಸಮರ್ಥಿಸಿದರು. ಆದರೂ 1975ರಲ್ಲಿ ಪುನರ್ಮುದ್ರಣವಾಗುವವರೆಗೆ ಅದು ಬಹುತೇಕ ಮರೆತುಹೋಗಿತ್ತು.

ರಮಾಬಾಯಿಯವರ ಇಂಗ್ಲಿಷ್ ಗ್ರಂಥವನ್ನು ಬೋಧಿಸುವಾಗ ಎರಡು ಎಚ್ಚರಗಳು ಅವಶ್ಯ. ಅದು ವಿಧವಾಶ್ರಮಕ್ಕೆ ಧನಸಹಾಯವನ್ನು ಬೇಡಿ ಪರದೇಶೀಯರಿಗೆ ಬರೆದ ಗ್ರಂಥ. ಸಂಕಟದ ಚಿತ್ರವು ಅಲ್ಲಿ ದಟ್ಟವಾಗಿರುವುದಕ್ಕೆ ಈ ಉದ್ದೇಶವೂ ಕಾರಣವಾಗಿರಬಹುದು. ಎರಡನೆಯದಾಗಿ, ಹೆಸರೇ ಹೇಳುವಂತೆ ಅದು ಉಚ್ಚವರ್ಣದ ಸ್ತ್ರೀಯರನ್ನು ಕುರಿತದ್ದು. ಹೊಲದಲ್ಲಿ ದುಡಿಯುವ ಹೆಂಗಸಿನ ಬಾಳನ್ನು ಅದರಿಂದ ಊಹಿಸುವುದು ತಪ್ಪಾದೀತು. ಈ ಮಿತಿಗಳನ್ನು ಹೇಳಿದರೆ ಗ್ರಂಥದ ಗೌರವವು ಕುಗ್ಗುವುದಿಲ್ಲ. ಆಕೆಯನ್ನು ದೇವಿಯನ್ನಾಗಿ ಪೂಜಿಸುವವರೂ ಮತತ್ಯಾಗಿಯೆಂದು ದೂರುವವರೂ ಗ್ರಂಥವನ್ನು ಓದದೆ ಬಿಡುವುದರಲ್ಲಿ ಸಮಾನರು.

ಆದುದರಿಂದ ತರಗತಿಯಲ್ಲಿ ಮೂರು ಗ್ರಂಥಗಳ ಆಯ್ದ ಭಾಗಗಳನ್ನು ಕಾಲಕ್ರಮದಲ್ಲಿ ಓದಿಸಿ, ಪ್ರತಿಯೊಂದರ ಬಗೆಗೂ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಇದು ಯಾರನ್ನು ಉದ್ದೇಶಿಸಿ ಹೇಳಿದ ಮಾತು? ತಪ್ಪು ಯಾರದೆಂದು ಇದು ಹೇಳುತ್ತದೆ? ರಮಾಬಾಯಿಯವರು ತಮ್ಮ ಇಂಗ್ಲಿಷ್ ಗ್ರಂಥವನ್ನು ಅರ್ಪಿಸಿರುವುದು ತಮಗೆ ವಿದ್ಯೆ ಕಲಿಸಿದ ತಾಯಿ ಲಕ್ಷ್ಮೀಬಾಯಿಯ ಸ್ಮರಣೆಗೆ. ಹೆಣ್ಣಿಗೆ ಶಾಸ್ತ್ರವನ್ನು ಓದಲು ಕಲಿಸಿದುದರಿಂದಲೇ ಆಕೆಗೆ ಶಾಸ್ತ್ರವನ್ನು ಪ್ರಶ್ನಿಸುವ ಶಕ್ತಿ ಬಂದಿತು. ಹೆಸರು ಮತ್ತು ವರ್ಷಗಳ ಪಟ್ಟಿಯು ವಿದ್ಯಾರ್ಥಿಗಳಿಗೆ ಆ ಶಕ್ತಿಯನ್ನು ಕೊಡಲಾರದು.