ಸಸಿಮಡಿ ಇಲ್ಲದ ನಾಟಿ

‘ಕನಾರ್ಟಕ’ ಎಂಬ ಪದವನ್ನು ಕನ್ನಡ ಓದುವವರೆಲ್ಲ ಎಲ್ಲಾದರೂ ಕಂಡೇ ಇರುತ್ತಾರೆ. ಹಳೆಯ ನುಡಿ ಫೈಲನ್ನು ಯುನಿಕೋಡ್‌ಗೆ ತಿರುಗಿಸುವಾಗ, ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ಅಂಟಿಸುವಾಗ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಹಳೆಯ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂತಿರುತ್ತವೆ: ಮೊದಲು ನಾ, ಅದರ ಬಲಕ್ಕೆ ಅರ್ಕಾವೊತ್ತು. ಯುನಿಕೋಡ್ ಹಿಡಿಯುವುದು ಉಚ್ಚಾರದ ಸಾಲನ್ನು: ಮೊದಲು ರ್, ಆಮೇಲೆ ನಾ. ತಿರುಗಿಸುವ ಪ್ರೋಗ್ರಾಂ ಅರ್ಕಾವೊತ್ತನ್ನು ಎತ್ತಿ ಹಿಂದಕ್ಕಿಡಲು ಮರೆತರೆ ನಾಡಿನ ಹೆಸರೇ ಕೆಡುತ್ತದೆ.

ಇಂಥ ತಪ್ಪನ್ನು ಕಾಣುವವರು ಸಾವಿರ ಜನ, ತಿದ್ದುವವರು ನಾಲ್ಕು ಜನ. ಆ ನಾಲ್ವರಿಗೂ ಹಗಲು ಬೇರೆ ಕೆಲಸ ಇರುತ್ತದೆ. ಅದಕ್ಕೇ ಮುಕ್ತ ತಂತ್ರಾಂಶದವರು ಒಂದು ರೂಢಿ ಬೆಳೆಸಿಕೊಂಡಿದ್ದಾರೆ: ಒಂದೆರಡು ದಿನ ಎಲ್ಲರೂ ಒಂದೇ ಕಡೆ ಕೂತು, ಬಾಕಿ ಬಿದ್ದ ಬಗ್‌ಗಳನ್ನು ಒಂದೊಂದಾಗಿ ತಿದ್ದುವುದು. ಓಪನ್‌ಬಿಎಸ್‌ಡಿ ತಂಡ 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಹೀಗೆ ಕೂಡಿತು. ಡೆಬಿಯನ್‌ನವರು ಹೊಸ ಆವೃತ್ತಿಯ ಬಿಡುಗಡೆಗೆ ಮುಂಚೆ, ಬಿಡುಗಡೆಯನ್ನೇ ತಡೆಯುವಂಥ ದೋಷಗಳ ಪಟ್ಟಿ ಹಿಡಿದು ಕೂರುತ್ತಾರೆ. ಭಾರತೀಯ ಭಾಷೆಗಳ ವಿಕಿಸೋರ್ಸ್‌ಗಳಲ್ಲಿ 2020ರಲ್ಲಿ ನಡೆದ ಕರಡು ತಿದ್ದುವ ಸ್ಪರ್ಧೆಗಳೂ ಇದೇ ಜಾತಿಯವು. ಇಂಥ ಕೂಟಗಳನ್ನು ಕರೆಯುವ ಸ್ಪ್ರಿಂಟ್ ಎನ್ನುವ ಹೆಸರು ಓಟಗಾರರಿಂದ ಬಂದದ್ದು. ನನಗೆ ಆ ಹೆಸರೇ ಒಪ್ಪಿಗೆಯಿಲ್ಲ. ಓಡುವವನು ಒಬ್ಬನೇ ಓಡುತ್ತಾನೆ, ಗೆರೆ ಮುಟ್ಟಿದರೆ ಅವನ ಕೆಲಸ ಮುಗಿಯಿತು.

ಶಿಕಾರಿಪುರ, ಸೊರಬದ ಕಡೆ ಇದಕ್ಕೆ ಸರಿಹೊಂದುವ ಮಾತು ಮೊದಲೇ ಇದೆ: ಮುಯ್ಯಾಳು. ಇವತ್ತು ಹತ್ತು ಜನ ನಮ್ಮ ಗದ್ದೆಗೆ ನಾಟಿಗೆ ಬರುತ್ತಾರೆ, ನಾಳೆ ನಾವು ಅವರ ಗದ್ದೆಗೆ ಹೋಗುತ್ತೇವೆ. ಕೂಲಿ ಇಲ್ಲ, ಲೆಕ್ಕ ಇದೆ. ಈ ರೂಢಿ ಬಲ್ಲವರಿಗೆ ಇನ್ನೊಂದು ವಿಷಯ ಹೇಳಿಕೊಡಬೇಕಿಲ್ಲ. ನಾಟಿಯ ದಿನ ಜನ ಸೇರಿಸುವುದು ಕೊನೆಯ ಕೆಲಸ. ಅದಕ್ಕೂ 20–25 ದಿನ ಮೊದಲು ಸಸಿಮಡಿಯಲ್ಲಿ ಬೀಜ ಬಿದ್ದಿರಬೇಕು. ಗದ್ದೆ ಉತ್ತು, ಕೆಸರು ಮಾಡಿ, ನೀರು ಕಟ್ಟಿರಬೇಕು. ಬೆಳಿಗ್ಗೆ ಆಳು ಬಂದು ನಿಂತಾಗ ಸಸಿ ಕಿತ್ತು ಕಟ್ಟು ಕಟ್ಟಿಟ್ಟಿರದಿದ್ದರೆ ಇಪ್ಪತ್ತು ಕೈಗಳು ಬದುವಿನ ಮೇಲೆ ಸುಮ್ಮನೆ ಕೂರುತ್ತವೆ.

ನಾನು ಕೂತ ಕೂಟಗಳಲ್ಲಿ ಹೆಚ್ಚಿನವು ಸಸಿಮಡಿ ಇಲ್ಲದೆ ಜನ ಕರೆದವು. ಪೋಸ್ಟರ್ ಚೆನ್ನಾಗಿತ್ತು, ಊಟ ಚೆನ್ನಾಗಿತ್ತು, ಬಂದವರಿಗೆ ಉತ್ಸಾಹವಿತ್ತು. ಮೊದಲ ದಿನದ ಮಧ್ಯಾಹ್ನದವರೆಗೆ ಮೂವತ್ತು ಲ್ಯಾಪ್‌ಟಾಪ್‌ಗಳು ಒಂದೇ ವೈಫೈನಲ್ಲಿ ಒಂದೇ ಸಾಫ್ಟ್‌ವೇರನ್ನು ಡೌನ್‌ಲೋಡ್ ಮಾಡುತ್ತಾ ಕೂತವು. ಎಲ್ಲವನ್ನೂ ನಾಲ್ಕು ಪೆನ್‌ಡ್ರೈವ್‌ಗೆ ಹಾಕಿ ತಂದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವ ನಮ್ಮ ಕಡೆ ಈ ಪೆನ್‌ಡ್ರೈವ್ ಊಟದಷ್ಟೇ ಮುಖ್ಯ.

ಅದಕ್ಕಿಂತ ದೊಡ್ಡ ಕೊರತೆ ಬಗ್‌ಗಳ ಪಟ್ಟಿಯಲ್ಲಿರುತ್ತದೆ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಅಂತ ಯಾರೋ ಮೂರು ವರ್ಷದ ಹಿಂದೆ ಬರೆದಿರುತ್ತಾರೆ. ಯಾವ ಪದ, ಯಾವ ಫಾಂಟ್, ಯಾವ ಆವೃತ್ತಿ, ಏನು ಟೈಪ್ ಮಾಡಿದಾಗ ಏನು ಕಂಡಿತು, ಒಂದೂ ಇರುವುದಿಲ್ಲ. ಆ ಬಗ್ ಇವತ್ತಿಗೂ ಇದೆಯೋ, ಯಾವಾಗಲೋ ಸರಿಹೋಗಿದೆಯೋ ಅಂತ ನೋಡುವುದರಲ್ಲೇ ಹೊಸಬರ ದಿನ ಮುಗಿಯುತ್ತದೆ. ಹದಿನೈದು ದಿನ ಮುಂಚೆ ಇಬ್ಬರು ಅನುಭವಿಗಳು ಸಂಜೆ ಒಂದೊಂದು ಗಂಟೆ ಕೂತು ಈ ಪಟ್ಟಿಯನ್ನು ಜರಡಿ ಹಿಡಿಯಬೇಕು. ಸತ್ತ ಬಗ್ ತೆಗೆದುಹಾಕಬೇಕು, ಒಂದೇ ಬಗ್ ಎರಡು ಸಲ ಬಂದಿದ್ದರೆ ಕೂಡಿಸಬೇಕು, ಉಳಿದದ್ದನ್ನು ತಮ್ಮ ಯಂತ್ರದಲ್ಲಿ ಮತ್ತೆ ಕಾಣಿಸಿಕೊಂಡು ಹೇಗೆ ಕಂಡಿತೆಂದು ಬರೆದಿಡಬೇಕು. ಈ ಸಂಜೆಗಳ ಫೋಟೋ ಯಾರೂ ತೆಗೆಯುವುದಿಲ್ಲ. ಆದರೆ ಕೂಟದ ಯೋಗ್ಯತೆ ನಿರ್ಧಾರವಾಗುವುದು ಅಲ್ಲೇ.

ಒಂದು ಸಲ ‘ಕನಾರ್ಟಕ’ವನ್ನೇ ತಿದ್ದಲು ಹೊರಟ ಹುಡುಗನೊಬ್ಬನ ಪಕ್ಕ ಕೂತಿದ್ದೆ. ಜಾಣ, ಕೈ ಚುರುಕು. ‘ಅಕ್ಷರದ ಮುಂದೆ ರ್ ಕಂಡರೆ ಅದನ್ನು ಹಿಂದಕ್ಕೆ ತಳ್ಳು’ ಎಂಬ ಅರ್ಥದ ನಾಲ್ಕು ಸಾಲು ಬರೆದ. ಅರ್ಧ ಗಂಟೆಯಲ್ಲಿ ಕರ್ನಾಟಕ ಸರಿಯಾಯಿತು, ವರ್ಷ ಸರಿಯಾಯಿತು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಸಂಜೆ ಬೇರೊಂದು ಫೈಲ್ ಹಾಕಿದಾಗ ‘ಮೀಟರ್’ ‘ಮೀರ್ಟ’ ಆಗಿತ್ತು, ‘ಡಾಕ್ಟರ್’ ಗುರುತೇ ಸಿಗದಂತಾಗಿತ್ತು. ಪದದ ಕೊನೆಯಲ್ಲಿ ನಿಜವಾಗಿಯೂ ರ್ ಇರುವ ಮಾತುಗಳನ್ನೂ ಆ ನಾಲ್ಕು ಸಾಲು ತಿರುವಿಹಾಕಿತ್ತು. ಹಳೆಯ ಫಾಂಟ್‌ನಲ್ಲಿ ಅರ್ಕಾವೊತ್ತಿಗೂ ರ್‌ಗೂ ಬೇರೆ ಬೇರೆ ತುಂಡುಗಳಿವೆ. ತಿರುಗಿಸುವ ಹೊತ್ತಿನಲ್ಲೇ ಆ ವ್ಯತ್ಯಾಸ ಹಿಡಿದರೆ ಕೆಲಸ ಸುಲಭ. ಒಮ್ಮೆ ಯುನಿಕೋಡ್ ಆಗಿ ಎರಡೂ ಒಂದೇ ಆದಮೇಲೆ ಬೇರ್ಪಡಿಸಲು ನಿಘಂಟನ್ನೇ ಕೇಳಬೇಕು. ಅಂದರೆ ತಿದ್ದಬೇಕಾದದ್ದು ಪಠ್ಯವನ್ನಲ್ಲ, ಪಠ್ಯ ಹೊರಬರುವ ಬಾಯನ್ನು. ಹುಡುಗನ ತಪ್ಪೇನಿಲ್ಲ. ಅವನ ಕೈಗೆ ಕರ್ನಾಟಕ, ಸೂರ್ಯ, ಮೂರ್ತಿ, ಮೀಟರ್, ಡಾಕ್ಟರ್, ರ‍್ಯಾಂಕ್ ಎಂಬ ಆರು ಪದಗಳ ಪರೀಕ್ಷಾ ಪಟ್ಟಿಯನ್ನು ಬೆಳಿಗ್ಗೆಯೇ ಕೊಡಬೇಕಾದವರು ನಾವು, ಹಿರಿಯರು. ಕೊಟ್ಟಿರಲಿಲ್ಲ.

ಆ ‘ರ‍್ಯಾಂಕ್’ ಒಂದೇ ಪದ ಒಂದು ದಿನದ ಪಾಠ. ರ ಕೆಳಗೆ ಯ ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದನ್ನು ಇಡಬೇಕು. ಇಲ್ಲದಿದ್ದರೆ ಅದು ‘ಸೂರ್ಯ’ದ ಹಾಗೆ ಅರ್ಕಾವೊತ್ತಾಗುತ್ತದೆ. ಆ ಚಿಹ್ನೆಯನ್ನು ರ ಆದಕೂಡಲೇ ಇಡಬೇಕೆನ್ನುವುದು ಯುನಿಕೋಡ್‌ನ ನಿಯಮ. ವಿರಾಮದ (್) ನಂತರ ಇಟ್ಟ ಪಠ್ಯಗಳೂ ಬೇಕಾದಷ್ಟಿವೆ. ತೆರೆಯ ಮೇಲೆ ಎರಡೂ ಒಂದೇ ಥರ ಕಂಡರೂ ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಸಂಖ್ಯೆಯ ಹುಚ್ಚು ಈ ರೂಢಿಗೆ ಮಾಡಿದ ಹಾನಿ ಸಣ್ಣದಲ್ಲ. ಮುಕ್ತ ತಂತ್ರಾಂಶಕ್ಕೆ ಹೊಸಬರನ್ನು ಸೆಳೆಯಲು 2014ರಲ್ಲಿ ಶುರುವಾದ ಹ್ಯಾಕ್ಟೋಬರ್‌ಫೆಸ್ಟ್ ಒಳ್ಳೆಯ ಉದ್ದೇಶದ್ದೇ. ಅಕ್ಟೋಬರ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್, ಅಂದರೆ ಸೇರಿಸಿಕೊಳ್ಳಿ ಎಂಬ ತಿದ್ದುಪಡಿ, ಕಳಿಸಿದವರಿಗೆ ಟೀ ಶರ್ಟ್ ಎಂದಾಗ, 2020ರಲ್ಲಿ ಒಂದು ಪದ ಸೇರಿಸಿ, ಒಂದು ಚುಕ್ಕೆ ಬದಲಿಸಿ ಕಳಿಸಿದ ರಿಕ್ವೆಸ್ಟ್‌ಗಳ ರಾಶಿಯೇ ಬಿತ್ತು. ಅದನ್ನು ಗುಡಿಸಿದವರು ಸಂಬಳವಿಲ್ಲದೆ ಪ್ರಾಜೆಕ್ಟ್ ನೋಡಿಕೊಳ್ಳುವವರು. ಕೊನೆಗೆ ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅನ್ವಯ ಎಂದು ಅದೇ ತಿಂಗಳಲ್ಲಿ ನಿಯಮ ಬದಲಿಸಬೇಕಾಯಿತು. ಎಷ್ಟು ಬಗ್ ಮುಚ್ಚಿದಿರಿ ಎಂದು ಕೇಳುವ ಸಂಘಟಕರು ಎಷ್ಟು ತಿದ್ದುಪಡಿಗಳು ಆರು ತಿಂಗಳ ಮೇಲೂ ನಿಂತಿವೆ ಎಂದು ಕೇಳಿದ್ದನ್ನು ನಾನು ಕಂಡದ್ದು ಅಪರೂಪ. ಮುಯ್ಯಾಳಿನ ಲೆಕ್ಕ ಇಲ್ಲಿ ಬೇಕು: ನೀವು ಒಂದು ತಿದ್ದುಪಡಿ ಕಳಿಸಿದರೆ ಅದನ್ನು ಓದಿ ನೋಡಲು ಇನ್ನೊಬ್ಬರ ಒಂದು ಗಂಟೆ ಹೋಗುತ್ತದೆ. ಆ ಗಂಟೆ ನಿಮ್ಮ ಮೇಲಿನ ಮುಯ್ಯಿ. ಬೇರೊಬ್ಬರ ತಿದ್ದುಪಡಿಯನ್ನು ಓದಿ ಅದನ್ನು ತೀರಿಸಬೇಕು.

ಇಷ್ಟಾದರೂ ನನ್ನ ದೊಡ್ಡ ತಕರಾರು ಬೇರೆ. ಈ ಕೂಟಗಳಿಗೆ ಕರೆಯುವುದು ಕೋಡ್ ಬಲ್ಲವರನ್ನು ಮಾತ್ರ. ಕನ್ನಡದ ತಂತ್ರಾಂಶದಲ್ಲಿ ಅತಿ ಸೂಕ್ಷ್ಮವಾದ ದೋಷ ಮೊದಲು ಕಾಣುವುದು ಓದುವವರ ಕಣ್ಣಿಗೆ. ಯುನಿಕೋಡ್ ಪಟ್ಟಿಯಲ್ಲಿ ಹಳಗನ್ನಡದ ‘ೞ’ ಅಕ್ಷರದ ಅಧಿಕೃತ ಹೆಸರು ಇವತ್ತಿಗೂ ‘ಫ’ ಎಂದಿದೆ. ತಪ್ಪೆಂದು ಎಲ್ಲರಿಗೂ ಗೊತ್ತು, ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದೂ ಇಟ್ಟಿದ್ದಾರೆ. ಆದರೆ ಒಮ್ಮೆ ಕೊಟ್ಟ ಹೆಸರು ಬದಲಾಗಬಾರದು ಎಂಬ ನಿಯಮದಿಂದ ಮೂಲ ಹೆಸರು ಹಾಗೇ ಉಳಿದಿದೆ. ಹಳಗನ್ನಡ ಓದಬಲ್ಲವರೊಬ್ಬರು ಆ ಪಟ್ಟಿಯನ್ನು ಸಕಾಲದಲ್ಲಿ ನೋಡಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಅಂಥ ಓದುಗರು ಎಲ್ಲಿದ್ದಾರೆಂದು ಕೇಳುವವರಿಗೆ ಶಿಕಾರಿಪುರ, ಸೊರಬವನ್ನು ತೋರಿಸುತ್ತೇನೆ. ಅಕ್ಕನ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಕದಂಬರ ತಾಳಗುಂದವೂ ಅಲ್ಲೇ. ಸೊರಬದಲ್ಲಿ ಕುಪ್ಪಟೂರು, ಚಂದ್ರಗುತ್ತಿ ಇವೆ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರದ ಶಾಸನಗಳನ್ನು ಪ್ರಕಟಿಸಿದರು. ಸೊರಬದವು ಎಂಟನೆಯದರಲ್ಲಿ, 1904ರಲ್ಲಿ ಬಂದವು. ಬಳ್ಳಿಗಾವಿಯ 1162ರ ಶಾಸನವೊಂದು ಕೋಡಿಮಠವನ್ನು ವರ್ಣಿಸುವಾಗ ಅಲ್ಲಿ ಹಲವು ವ್ಯಾಕರಣಗಳ ಪಾಠ ನಡೆಯುತ್ತಿತ್ತೆನ್ನುತ್ತದೆ, ಅದೇ ಉಸಿರಿನಲ್ಲಿ ದೀನರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಅನ್ನವಿತ್ತೆಂದೂ, ರೋಗಿಗಳಿಗೆ ಔಷಧವಿತ್ತೆಂದೂ ಹೇಳುತ್ತದೆ. ಆ ಊರಿನ ನೆಲದಲ್ಲಿ ಈಗಲೂ ಶಾಸನ ಓದುವ ಮೇಷ್ಟರು, ವಚನ ಬಾಯಿಗೆ ಬರುವ ಮುದುಕಿಯರು, ಕನ್ನಡ ಎಂ.ಎ. ಮಾಡಿದ ಹುಡುಗಿಯರು ಇದ್ದಾರೆ. 20,000ಕ್ಕೂ ಹೆಚ್ಚು ವಚನಗಳನ್ನು ಹುಡುಕಲು ಬರುವ ಹಾಗೆ ಯುನಿಕೋಡ್‌ನಲ್ಲಿ ಜೋಡಿಸಿದ ವಚನ ಸಂಚಯ, ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಫಾಂಟ್‌ಗಳು ಸಮುದಾಯದ ಕೊಡುಗೆ, ಅವನ್ನು ನಾನು ದಿನವೂ ಬಳಸುತ್ತೇನೆ. ಆ ಕೆಲಸ ಮಾಡಿದವರಿಗೆ ಈ ಊರುಗಳ ಓದುಗರು ಜೊತೆಯಾದರೆ ಏನಾದೀತೆಂದು ಯೋಚಿಸಿದರೆ ಮನಸ್ಸು ಹಿಗ್ಗುತ್ತದೆ.

ಹಾಗಾಗಿ ಕೂಟವನ್ನು ಒಮ್ಮೆಯಾದರೂ ಇಲ್ಲಿಗೆ ತರಬೇಕು. ನಾಟಿ ಮುಗಿದು ಕೊಯ್ಲು ಶುರುವಾಗುವ ಮುನ್ನ, ದಸರೆ ರಜೆಯಲ್ಲಿ. ಮೇಜಿಗೆ ಇಬ್ಬರು: ಒಬ್ಬರು ಕೋಡ್ ಬರೆಯುವವರು, ಒಬ್ಬರು ಓದುವವರು. ಓದುವವರ ಕೈಯಲ್ಲಿ ಅಚ್ಚಾದ ಪುಟ, ಎದುರಿಗೆ ತೆರೆ. ‘ಇಲ್ಲಿ ಱ ಇದೆ, ನಿಮ್ಮದರಲ್ಲಿ ರ ಆಗಿದೆ ನೋಡಿ’ ಎಂದು ಅವರು ಬೆರಳಿಡಬೇಕು. ಇವರು ಆ ಸಾಲನ್ನು, ಪುಟದ ಸಂಖ್ಯೆಯನ್ನು, ಫಾಂಟ್‌ನ ಹೆಸರನ್ನು ಅಲ್ಲೇ ಬರೆದುಕೊಂಡು, ಇನ್ನೆಲ್ಲೆಲ್ಲಿ ಹೀಗಾಗಿದೆಯೆಂದು ಹುಡುಕಬೇಕು. ಒಂದು ಪುಟಕ್ಕೆ ಒಂದು ಮಧ್ಯಾಹ್ನ ಹೋದರೂ ಸರಿ.