ದೂಷೀವಿಷವೂ ಅರಳುಮರಳೂ: ಒಂದು ಪದವಿಮರ್ಶೆ

ಬಾಲ್ಯದಲ್ಲಿ ದೇಹವನ್ನು ಹೊಕ್ಕ ಸೀಸವೇ ಮೊದಲಾದ ವಿಷಗಳು ವಾರ್ಧಕದಲ್ಲಿ ಬುದ್ಧಿಯನ್ನು ಕುಂದಿಸಬಹುದೆಂಬ ವಿಚಾರವು ಈಚೆಗೆ ವೈದ್ಯವಿಜ್ಞಾನದಲ್ಲಿ ಬಲಗೊಳ್ಳುತ್ತಿದೆ. ಇದನ್ನು ಕನ್ನಡದಲ್ಲಿ ನಿರೂಪಿಸುವಾಗ ಸುಶ್ರುತನ ‘ದೂಷೀವಿಷ’ವೆಂಬ ಪದವನ್ನು ಮುಂದಿಟ್ಟು, ಪ್ರಾಚೀನರಿಗೆ ಇದೆಲ್ಲವೂ ವಿದಿತವಾಗಿದ್ದಿತೆಂದು ಹೇಳಿಬಿಡುವವರುಂಟು. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

ಸುಶ್ರುತಸಂಹಿತೆಯ ಕಲ್ಪಸ್ಥಾನದ ಎರಡನೆಯ ಅಧ್ಯಾಯದಲ್ಲಿ ಈ ವಿಷದ ಲಕ್ಷಣವಿದೆ. ಹಳತಾಗಿಯೋ, ಔಷಧಿಗಳಿಂದ ಕುಗ್ಗಿಯೋ, ಗಾಳಿಬಿಸಿಲುಗಳಿಂದ ಒಣಗಿಯೋ ಬಲಗುಂದಿದ ವಿಷವು ಒಡನೆಯೇ ಕೊಲ್ಲದೆ, ಕಫದಿಂದ ಆವೃತವಾಗಿ, ವರ್ಷಾನುಗಟ್ಟಲೆ ಶರೀರದಲ್ಲಿ ನಿಲ್ಲುವುದು. ದೇಶಕಾಲಗಳಿಂದಲೂ ಅನ್ನದಿಂದಲೂ ಹಗಲುನಿದ್ದೆಯಿಂದಲೂ ಕೆರಳಿ ಧಾತುಗಳನ್ನು ಕೆಡಿಸುವುದು. ಅದರ ವಿಕಾರಗಳಲ್ಲಿ ತೊದಲುಮಾತೂ ಉನ್ಮಾದವೂ ಎಣಿಕೆಗೊಂಡಿವೆ. ಸೀಸದ ವರ್ತನೆಯೂ ಬಹಳಮಟ್ಟಿಗೆ ಇಂತಹುದೇ. ಅದು ಸುಣ್ಣದಂಶದಂತೆ ನಟಿಸಿ ಎಲುಬನ್ನು ಸೇರಿ ದಶಕಗಳ ಕಾಲ ಅಡಗಿರುವುದು. ಮುಪ್ಪಿನಲ್ಲಿ ಎಲುಬು ಸವೆದಂತೆ ಪುನಃ ರಕ್ತಕ್ಕೆ ಇಳಿಯುವುದು. (ರಸಶಾಸ್ತ್ರದಲ್ಲಿ ಸೀಸಕ್ಕೆ ‘ನಾಗ’ವೆಂದೇ ಹೆಸರು. ಶೋಧಿಸದ ನಾಗವನ್ನು ಸೇವಿಸಿದರೆ ಬರುವ ದೋಷಗಳನ್ನು ಆ ಗ್ರಂಥಗಳೇ ಹೇಳುತ್ತವೆ. ನಾಗರಕಲ್ಲಿಗೆ ಹಾಲೆರೆಯುವ ನಮ್ಮ ನಾಡಿನವರು ಈ ಇನ್ನೊಂದು ನಾಗನನ್ನು ಅಷ್ಟಾಗಿ ಗಮನಿಸಿಲ್ಲ.)

ಸಾದೃಶ್ಯವು ಇಲ್ಲಿಗೆ ನಿಲ್ಲುತ್ತದೆ. ವಿಷವನ್ನು ಕೆರಳಿಸುವ ಕಾರಣಗಳನ್ನು ಸುಶ್ರುತನು ಎಣಿಸಿದನೇ ಹೊರತು, ಅದು ಯಾವ ವಯಸ್ಸಿನಲ್ಲಿ ಒಳಹೊಕ್ಕಿತೆಂಬುದನ್ನು ಲಕ್ಷಣದಲ್ಲಿ ಸೇರಿಸಲಿಲ್ಲ. ನವೀನರ ಸಿದ್ಧಾಂತಕ್ಕಾದರೋ ಅದೇ ಜೀವಾಳ. ನುಂಗಿದ ಸೀಸದಲ್ಲಿ ಪ್ರೌಢನ ಕರುಳು ಹತ್ತರಲ್ಲೊಂದು ಪಾಲನ್ನು ಹೀರಿದರೆ, ಶಿಶುವಿನದು ಅರ್ಧದಷ್ಟನ್ನು ಹೀರುವುದು. ಮಿದುಳು ಇನ್ನೂ ಕಟ್ಟಿಕೊಳ್ಳುತ್ತಿರುವ ಕಾಲವದು. ಶೈಶವದಲ್ಲಿ ಮಾತ್ರ ಸೀಸವನ್ನು ಉಣಿಸಿದ ಕೋತಿಗಳ ಮಿದುಳಿನಲ್ಲಿ, 23 ವರ್ಷಗಳ ತರುವಾಯ, ಆಲ್ಝೈಮರ್ ವ್ಯಾಧಿಯ ಚಿಹ್ನೆಗಳು ಕಂಡುವೆಂದು 2008ರಲ್ಲಿ ಪ್ರಕಟವಾಯಿತು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದವರೊಳಗೆ, 11ನೆಯ ವಯಸ್ಸಿನಲ್ಲಿ ರಕ್ತದಲ್ಲಿ ಸೀಸವು ಹೆಚ್ಚಾಗಿದ್ದವರ ಬುದ್ಧಿಮಾಪನವು 38ನೆಯ ವಯಸ್ಸಿನಲ್ಲಿ ಕಡಿಮೆಯಿದ್ದುದು 2017ರಲ್ಲಿ ತಿಳಿದುಬಂದಿತು. ಅವರಿಗೆ ಮುಪ್ಪು ಇನ್ನು ಬರಬೇಕಾಗಿದೆ.

‘ದೂಷೀವಿಷ’ವು ಹೆಚ್ಚು ಹೇಳಿಸಲ್ಪಡುವ ಪದವಾದರೆ, ‘ಅರಳುಮರಳು’ ಇದ್ದುದನ್ನು ಮರೆಸುವ ಪದ. ಅರುವತ್ತಕ್ಕೆ ಅರಳುಮರಳೆಂದ ಕೂಡಲೇ ರೋಗವು ವಯೋಧರ್ಮವಾಯಿತು. ಕಾರಣವನ್ನು ಕೇಳುವ ಅಗತ್ಯವೇ ತಪ್ಪಿತು. ಭಾರತದಲ್ಲಿ ಸೀಸಮಿಶ್ರಿತ ಪೆಟ್ರೋಲು ನಿಂತುದು 2000ದಲ್ಲಿ. ಕುಂಭಾಶಿಯ ಹೆದ್ದಾರಿಯ ಅಂಚಿನಲ್ಲಿ ಅದಕ್ಕೆ ಮುಂಚೆ ಹೊಗೆಯನ್ನು ಕುಡಿಯುತ್ತ ಪಾಠಶಾಲೆಗೆ ನಡೆದವರಲ್ಲಿ ಈ ಲೇಖಕನೂ ಒಬ್ಬನು. ನಮ್ಮ ತಲೆಮಾರು ಈಗ ಅರುವತ್ತರ ಕಡೆಗೆ ಸಾಗುತ್ತಿದೆ. ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನಿನ ಕೆಳಗೆ ಬೆಳೆದ ಮಕ್ಕಳ ವಿಷಯದಲ್ಲಿಯೂ ಇದೇ ಪ್ರಶ್ನೆ ಮುಂದೆ ಏಳುವುದು. ಆಗ ‘ವಯಸ್ಸಾಯಿತು’ ಎಂಬ ಉತ್ತರವು ಸಾಲದು.

ಮಂಗರಾಜನು 14ನೆಯ ಶತಮಾನದಲ್ಲಿಯೇ ಖಗೇಂದ್ರಮಣಿದರ್ಪಣವನ್ನು ರಚಿಸಿದ ಭಾಷೆಗೆ ವಿಷವೈದ್ಯದ ಮಾತುಗಳಲ್ಲಿ ಬಡತನವಿಲ್ಲ. ಆದುದರಿಂದ ದೂಷೀವಿಷವೆಂಬ ಪದವನ್ನು ಬಿಡಬೇಕಾಗಿಲ್ಲ. ‘ಬಾಲ್ಯಸಂಚಿತ’ವೆಂಬ ವಿಶೇಷಣವನ್ನು ಕೂಡಿಸಿ ಪ್ರಯೋಗಿಸಿದರೆ, ಸುಶ್ರುತನದು ಸುಶ್ರುತನಿಗೂ ನವೀನರದು ನವೀನರಿಗೂ ಸಲ್ಲುವುದು.